ಬಾಳಾಸಾಬರ ಕಪ್ಪುಬಿಳುಪು ಫೋಟೋ

ಅಥಣಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಬಾಳಾಸಾಬ ಮಗದುಮ್ ಹೆಡ್ ಕ್ಲಾರ್ಕ್ ಆಗಿದ್ದರು. ಸರ್ಕಾರದ ಕಣ್ಣಿಗೆ ಅಷ್ಟೇ. ತಮ್ಮ ಕಣ್ಣಿಗೆ ಅವರು ಚಿಂತಕರು. ಅವರ ವಿಸಿಟಿಂಗ್ ಕಾರ್ಡಿನ ಮೇಲೆ ಚಿಂತಕ, ಕವಿ, ಬ್ಲಾಗ್ ಲೇಖಕ ಎಂದೆಲ್ಲ ಇತ್ತು. ಸಂಬಳ ಕೊಡುತ್ತಿದ್ದ ಹುದ್ದೆಯ ಹೆಸರು ಮಾತ್ರ ಇರಲಿಲ್ಲ.

2009ರಿಂದ ಅವರು ‘ಅಂತರಂಗದ ಅಲೆಗಳು’ ಎಂಬ ಬ್ಲಾಗ್ ನಡೆಸುತ್ತಿದ್ದರು. ಭಾನುವಾರ ಬಂತೆಂದರೆ ಅದರಲ್ಲಿ ಒಂದು ಚಿಂತನೆ ಬೀಳುತ್ತಿತ್ತು. ಮೌನದ ಮಹತ್ವದ ಮೇಲೆಯೇ ಆರು ಕಂತು ಬರೆದಿದ್ದರು. ಓದುವವರೆಂದರೆ ಕಾಗವಾಡದಲ್ಲಿದ್ದ ಹೆಂಡತಿಯ ತಮ್ಮ ಬಾಹುಬಲಿ ಒಬ್ಬನೇ. ಅವನೂ ಓದುತ್ತಿದ್ದನೆಂದು ಹೇಳಲು ಬರುವುದಿಲ್ಲ, ಏಕೆಂದರೆ ಲೇಖನ ಬಿದ್ದ ನಿಮಿಷಕ್ಕೇ ‘ಭಾಳ ಚಲೋ ಬರದೀರಿ ದಾಜಿ’ ಎಂದು ಭಾವನಿಗೆ ಅವನ ಮೆಚ್ಚುಗೆಯೂ ಬೀಳುತ್ತಿತ್ತು.

ತಮ್ಮನ್ನು ಲೋಕ ಏಕೆ ಓದುತ್ತಿಲ್ಲ ಎಂಬ ಪ್ರಶ್ನೆಗೆ ಬಾಳಾಸಾಬರಿಗೆ ನಾಲ್ಕು ವರ್ಷ ಉತ್ತರ ಸಿಕ್ಕಿರಲಿಲ್ಲ. 2013ರಲ್ಲಿ ಫೇಸ್‌ಬುಕ್ಕಿಗೆ ಬಂದ ಮೇಲೆ ಸಿಕ್ಕಿತು. ಯಾರೋ ಹಂಚಿಕೊಂಡಿದ್ದ ಬರಹವೊಂದರಲ್ಲಿ, ಓದುಗ ಮೊದಲು ಲೇಖಕನ ಮುಖ ನೋಡುತ್ತಾನೆ, ಬರಹ ಆಮೇಲೆ, ಎಂದಿತ್ತು. ಬಾಳಾಸಾಬರು ಅದನ್ನು ಎರಡು ಸಲ ಓದಿ ಹಗುರಾದರು. ಹಾಗಾದರೆ ತಪ್ಪು ತಮ್ಮ ಚಿಂತನೆಯದಲ್ಲ, ಫೋಟೋದ್ದು!

ಅಲ್ಲಿಯವರೆಗೆ ಅವರ ಪ್ರೊಫೈಲಿನಲ್ಲಿ ಇದ್ದುದು ಕಾಲೇಜಿನ ಐಡಿ ಕಾರ್ಡಿಗೆ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೋ. ಅದನ್ನು ತೆಗೆದು, ಗದ್ದಕ್ಕೆ ಕೈ ಹಚ್ಚಿ ದೂರ ನೋಡುತ್ತಿರುವ ಒಂದನ್ನು ಹಾಕಿದರು. ಹಳೆಯ ವಿದ್ಯಾರ್ಥಿಯೊಬ್ಬ ಕೆಳಗೆ, ‘ಹಲ್ಲ ಭಾಳ ನೂಸಾಕತ್ತೈತೇನ್ರಿ ಸರ್?’ ಎಂದು ಕಾಳಜಿಯಿಂದ ಕೇಳಿದ. ಮುಂದಿನ ವಾರ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಕಪಾಟಿನ ಮುಂದೆ ನಿಂತು ತೆಗೆಸಿಕೊಂಡರು. ಹಾಕಿದ ಮೇಲೆ ನೋಡಿದರೆ ಅವರ ತಲೆಯ ಹಿಂದೆ ಸಾಲಾಗಿ ಕಾಣುತ್ತಿದ್ದವೆಲ್ಲ ‘ಪಾಸಾಗುವುದು ಹೇಗೆ’ ಜಾತಿಯ ಗೈಡುಗಳು. ಆಮೇಲೆ ಕೃಷ್ಣಾ ನದಿಯ ದಂಡೆಗೆ ಹೋಗಿ, ಹೊಳೆಯ ಕಡೆ ಮುಖ ಮಾಡಿ, ಬೆನ್ನು ತೋರಿಸಿ ನಿಂತರು. ಲೋಕಕ್ಕೆ ಬೆನ್ನು ತಿರುಗಿಸಿದ ಚಿಂತಕ ಎಂಬ ಅರ್ಥ ಬರಲೆಂದು. ಬಂದದ್ದು ಬೋಳುನೆತ್ತಿಯ ಮೇಲೆ ಬಿದ್ದ ಬಿಸಿಲು ಮಾತ್ರ.

ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಆಸಿಫನ ಸ್ಟುಡಿಯೋಕ್ಕೆ ಹೋದರು.

“ಒಂದ ಬಾಜೂದಿಂದ ಲೈಟ್ ಬಿಡೂಣ್ರಿ ಸರ್,” ಎಂದ ಆಸಿಫ. “ಕಲರ್ ಬ್ಯಾಡ. ಕಪ್ಪು-ಬಿಳುಪು ಮಾಡೂಣು. ದೊಡ್ಡ ದೊಡ್ಡ ಮಂದಿದ ಫೋಟೋ ಎಲ್ಲಾ ಹಂಗ ಮಾಡಿ ಕೊಟ್ಟೇನಿ ನಾ.”

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ದೊಡ್ಡ ಮಂದಿಯಲ್ಲಿ ಬಹುಪಾಲು ಜನ ಸ್ಟುಡಿಯೋಕ್ಕೆ ಸ್ವತಃ ಬಂದವರಲ್ಲ, ಅವರ ಮಕ್ಕಳು ಬಂದು ಮಾಡಿಸಿಕೊಂಡು ಹೋಗಿದ್ದರು. ಆಸಿಫನ ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ಕಪ್ಪು ಅಂಚು ಸಿದ್ಧವಿತ್ತು. ಕೈ ರೂಢಿಯಂತೆ ಬಾಳಾಸಾಬರಿಗೂ ಅದನ್ನೇ ಹೊಂದಿಸಿಬಿಟ್ಟ. ಅರ್ಧ ಮುಖ ಬೆಳಕು, ಅರ್ಧ ಕತ್ತಲೆ, ಕಣ್ಣಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟ ಶಾಂತಿ. ಬಾಳಾಸಾಬರು ತಮ್ಮನ್ನೇ ನೋಡಿಕೊಂಡು ತುಸು ಭಾವುಕರಾದರು.

ಮನೆಗೆ ತಂದು ಹೆಂಡತಿ ನೀಲಮಳಿಗೆ ತೋರಿಸಿದರು. ಆಕೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

“ಇದಕ್ಕ ಮಾಲಿ ಒಂದ ಕಡಿಮಿ ಐತಿ ನೋಡ್ರಿ.”

“ನಿನಗ ಕಲಾ ತಿಳೀದಿಲ್ಲ,” ಎಂದರು ಬಾಳಾಸಾಬರು.

ಭಾನುವಾರ ಬೆಳಿಗ್ಗೆ ಆ ಫೋಟೋ ಹಾಕಿದರು. ಬರೀ ಮುಖ ಸಾಲದೆಂದು ತಮ್ಮದೇ ಒಂದು ಕವಿತೆಯ ಸಾಲನ್ನೂ ಮೇಲೆ ಬರೆದರು: ‘ಹೊರಟಿದ್ದೇನೆ ನನ್ನೊಳಗಿನ ಊರಿಗೆ, ಇನ್ನು ಯಾರೂ ಹುಡುಕಬೇಡಿ.’ ಬರೆದು, ಮೊಬೈಲನ್ನು ಚಾರ್ಜಿಗೆ ಹಚ್ಚಿ, ಬಸದಿಗೆ ಹೋದರು. ಅಲ್ಲಿಂದ ಕ್ಷೌರದಂಗಡಿಗೆ ಹೋದರು. ಅಲ್ಲಿ ಸರತಿ ಇತ್ತು.

ಅಷ್ಟರೊಳಗೆ ನಡೆಯಬೇಕಾದದ್ದು ನಡೆದುಹೋಗಿತ್ತು. ಫೋಟೋದ ಕೆಳಗೆ ಯಾರೋ ಒಬ್ಬರು ‘ಓಂ ಶಾಂತಿ’ ಎಂದು ಬರೆದರು. ಎರಡನೆಯವರು ಮೊದಲನೆಯವರನ್ನು ನಂಬಿದರು, ಮೂರನೆಯವರು ಇಬ್ಬರನ್ನೂ ನಂಬಿದರು. ಆಮೇಲೆ ಕೇಳುವುದೇನು, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಕಡೆಯಿಂದೆಲ್ಲ ಕೈಮುಗಿದ ಚಿತ್ರಗಳೂ ಹೂವುಗಳೂ ಬಂದು ಬೀಳತೊಡಗಿದವು. ಮರಾಠಿಯವರೂ ಭಾವಪೂರ್ಣ ಶ್ರದ್ಧಾಂಜಲಿ ಸಲ್ಲಿಸಿದರು. ಏನಾಗಿತ್ತು ಎಂದು ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ, ಹಾರ್ಟ್ ಎಂದು ಉತ್ತರ ಕೊಟ್ಟಿದ್ದ.

ಬಾಳಾಸಾಬರು ಮನೆಗೆ ಬಂದು, ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರ್ ತೆರೆದು, ನೋಡಿ ಗಾಬರಿಯಾದರು. ಕೈ ತಾನಾಗಿ ಎದೆಯ ಮೇಲೆ ಹೋಯಿತು. ಬಡಿಯುತ್ತಿತ್ತು. ‘ನಾನು ಬದುಕಿದ್ದೇನೆ’ ಎಂದು ಬರೆದರು. ಕಳಿಸುವ ಮೊದಲು, ಯಾರು ಯಾರು ಏನು ಬರೆದಿದ್ದಾರೆಂದು ನೋಡೋಣ ಎನಿಸಿತು.

ಆ ನೋಟವೇ ಅವರನ್ನು ಕೆಡಿಸಿತು.

ನಿಪ್ಪಾಣಿಯ ಕವಿ ವಿರುಪಾಕ್ಷಪ್ಪನವರು ಬರೆದಿದ್ದರು. ಕವಿಗೋಷ್ಠಿಗಳಲ್ಲಿ ಎಷ್ಟು ಸಲ ಭೇಟಿಯಾದರೂ ‘ಯಾವ ಊರಾತ್ರಿ ನಿಮ್ದು?’ ಎಂದು ಹೊಸದಾಗಿ ಕೇಳುತ್ತಿದ್ದ ವಿರುಪಾಕ್ಷಪ್ಪನವರು! ‘ಗಡಿನಾಡು ಇಂದು ಒಬ್ಬ ಋಷಿಯನ್ನು ಕಳೆದುಕೊಂಡಿತು. ಅವರ ಬ್ಲಾಗಿನ ಒಂದೊಂದು ಸಾಲೂ ನನ್ನನ್ನು ತಿದ್ದಿದೆ.’ ಬಾಳಾಸಾಬರ ಕಣ್ಣು ತುಂಬಿ ಬಂತು. ಛೇ, ಇಷ್ಟು ಪ್ರೀತಿ ಇಟ್ಟುಕೊಂಡಿದ್ದ ಮನುಷ್ಯನನ್ನು ತಾವು ಇಷ್ಟು ದಿನ ತಪ್ಪು ತಿಳಿದಿದ್ದೆವಲ್ಲ ಎನಿಸಿತು. ಕಾಲೇಜಿನ ಪ್ರಿನ್ಸಿಪಾಲರು ‘ತುಂಬಲಾರದ ನಷ್ಟ’ ಎಂದಿದ್ದರು. ಹೋದ ತಿಂಗಳಷ್ಟೇ ರಜೆ ಅರ್ಜಿಯನ್ನು ಹಿಂದಕ್ಕೆ ಎಸೆದಿದ್ದ ಪ್ರಿನ್ಸಿಪಾಲರು. ಒಬ್ಬ ಮಾತ್ರ ‘ಒಳ್ಳೆಯ ಹೆಡ್ ಕ್ಲಾರ್ಕ್’ ಎಂದು ಬರೆದು ಮನಸ್ಸು ನೋಯಿಸಿದ್ದ.

ಬರೆದಿದ್ದ ಎರಡು ಪದವನ್ನು ಬಾಳಾಸಾಬರು ಅಳಿಸಿದರು. ಜನ ಇಷ್ಟು ಮನಸ್ಸು ಬಿಚ್ಚಿ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ. ಇನ್ನೊಂದು ತಾಸು ಬಿಟ್ಟು ಹೇಳಿದರಾಯಿತು. ಮೊಬೈಲ್ ಬಡಿದುಕೊಳ್ಳತೊಡಗಿತು. ಬಾಹುಬಲಿಯ ಹೆಸರು. ಎತ್ತಿದರೆ ಅವನ ಹತ್ತಿರ ನಿಜ ಹೇಳಬೇಕಾಗುತ್ತದೆ, ಅವನಿಗೆ ಹೇಳಿದರೆ ಕಾಗವಾಡಕ್ಕೆಲ್ಲ ಹೇಳಿದಂತೆ. ಮೊಬೈಲನ್ನು ಆಫ್ ಮಾಡಿದರು. ಕಂಪ್ಯೂಟರಿನ ಪರದೆಯನ್ನು ಕೆಳಕ್ಕೆ ಸರಿಸುತ್ತ, ತಮ್ಮ ಬಗ್ಗೆ ಬಂದ ಹೊಸ ಮಾತುಗಳನ್ನು ಹಬ್ಬದೂಟದಂತೆ ನಿಧಾನವಾಗಿ ಸವಿಯುತ್ತ ಕೂತರು. ಮೌನದ ಮೇಲಿನ ಕಂತುಗಳನ್ನು ಯಾರೋ ಹಂಚಿಕೊಂಡಿದ್ದರು. ಬದುಕಿದ್ದಾಗ ಯಾರೂ ಹಂಚಿಕೊಂಡಿರಲಿಲ್ಲ.

ಕೆಳಗೆ ನೀಲಮ ಮೊರದಲ್ಲಿ ಹೆಸರುಬೇಳೆ ಆರಿಸುತ್ತಿದ್ದಳು. ಮನೆ ಮುಂದೆ ಒಂದು ಟೆಂಪೋ ಬಂದು ನಿಂತ ಸಪ್ಪಳ ಕೇಳಿಸಿತು. ಅದರ ಹಿಂದೆಯೇ ಓಣಿ ನಡುಗುವಂಥ ಅಳು. ಎದ್ದು ಬಾಗಿಲಿಗೆ ಬಂದರೆ, ಐಗಳಿಯಿಂದ ಬಾಳಾಸಾಬರ ಅಕ್ಕ ಸುಂದ್ರವ್ವ ಬಾಯಿ ಬಾಯಿ ಬಡಿದುಕೊಳ್ಳುತ್ತ ಇಳಿಯುತ್ತಿದ್ದಳು. ಹಿಂದೆ ನಾಲ್ಕಾರು ಹೆಂಗಸರು. ಸುಂದ್ರವ್ವನ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಅಕ್ಕನ ಮನೆಯಲ್ಲೇ ಏನೋ ಆಗಬಾರದ್ದು ಆಗಿದೆ ಎಂದುಕೊಂಡ ನೀಲಮ ಮೊರ ಬಿಸಾಕಿ ಓಡಿಬಂದು ತಬ್ಬಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಉಳಿದ ಹೆಂಗಸರು ಸುತ್ತ ನಿಂತು ಅತ್ತರು. ಎದುರು ಮನೆಯವರೂ ಹೊರಗೆ ಬಂದು ಸೆರಗು ಬಾಯಿಗೆ ಹಚ್ಚಿದರು.

“ಏನಾತ್ರಿ ಅಕ್ಕಾರ, ಯಾರಿಗೇನಾತ್ರಿ?” ಎಂದು ನೀಲಮ ಬಿಕ್ಕಿದಳು.

ಸುಂದ್ರವ್ವ ಅಳು ನಿಲ್ಲಿಸಿ, ದೂರ ಸರಿದು, ಆಕೆಯ ಹಣೆಯ ಕುಂಕುಮ ನೋಡಿದಳು. ಕೈತುಂಬ ಇದ್ದ ಹಸಿರು ಬಳೆ ನೋಡಿದಳು.

“ನೀಲಾ, ಬಾಳ್ಯಾನ್ನ ಎಲ್ಲಿ ಮಲಗಿಸೀರಿ?”

“ಮಲಗಿಸೂದೇನ್ರಿ? ಮಾಳಿಗಿ ಮ್ಯಾಲ ಕಂಪ್ಯೂಟರ ಮುಂದ ಕುಂತಾರಲ್ಲ!”

ಸುಂದ್ರವ್ವ ಸೀರೆ ಎತ್ತಿಕಟ್ಟಿ ಮೆಟ್ಟಿಲು ಹತ್ತಿದಳು. ಹೆಂಗಸರೆಲ್ಲ ಹಿಂದೆ ಹತ್ತಿದರು. ಬಾಳಾಸಾಬರು ಹೊಸ ಕ್ಷೌರದ ಮುಖ ಇಟ್ಟುಕೊಂಡು, ಲುಂಗಿಯಲ್ಲಿ, ಒಂದು ಕಾಲು ಕುರ್ಚಿಯ ಮೇಲೆ ಮಡಚಿ ಕೂತು ಓದುತ್ತಿದ್ದರು. ತಿರುಗಿ ನೋಡಿದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ತಾಯಿ ತೀರಿಹೋದ ಮೇಲೆ ಅವರನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಆಕೆಯೇ. ಹತ್ತಿರ ಬಂದು ಎರಡೂ ಕೈಯಿಂದ ಅವರ ಮುಖ ಸವರಿದಳು. ಬಿಸಿ ಇದೆಯೋ ಇಲ್ಲವೋ ನೋಡುವವಳ ಹಾಗೆ. ಆಮೇಲೆ ಅದೇ ಕೈಯಿಂದ ಕಪಾಳಕ್ಕೆ ಬಾರಿಸಿದಳು.

“ನಮ್ಮನಿ ಹುಡುಗ ಸುರಜ ಮೊಬೈಲದಾಗ ತೋರಿಸಿದ ನನಗ. ಕರೀ ಅಂಚಿಂದ ಫೋಟೋ. ದಾರಿ ತುಂಬ ದೇವರನ್ನ ಬೈಕೋತ ಬಂದೀನಿ ನಾ. ಇಲ್ಲಿ ನೋಡಿದ್ರ ಈ ಮಗಾ ಕಾಲ ಮಡಚಿಕೊಂಡ ಕುಂತಾನ!”

“ಅಕ್ಕಾ, ಅದು ಕಲಾತ್ಮಕ ಫೋಟೋ…” ಎಂದರು ಬಾಳಾಸಾಬರು.

“ಫೋನ್ ಯಾಕ ಬಂದ ಮಾಡೀಯೋ?”

ಬಾಳಾಸಾಬರು ಮಡಚಿದ ಕಾಲನ್ನು ಕೆಳಗೆ ಇಳಿಸಿದರು. ಅಷ್ಟರಲ್ಲಿ ನೀಲಮ ಕಂಪ್ಯೂಟರಿನ ಮುಂದೆ ಬಗ್ಗಿ ನಿಂತು ಒಂದೊಂದನ್ನೇ ಓದುತ್ತಿದ್ದಳು. ಬಹಳ ಹೊತ್ತು ಓದಿದಳು.

“ಇಷ್ಟ ಮಂದ್ಯಾಗ,” ಎಂದಳು ನೆಟ್ಟಗಾಗಿ, “ಒಬ್ಬರರೆ ಮನಿಯಾಕಿ ಹೆಂಗದಾಳ ಅಂತ ಕೇಳ್ಯಾರೇನ್ರಿ? ಕೇಳಿಲ್ಲ ಬಿಡ್ರಿ, ಅವರಿಗೂ ನನಗೂ ಏನ ಸಂಬಂಧ? ನೀವು ಆಗಿಂದ ಓದಾಕತ್ತೀರಲ್ಲ, ನನ್ನ ತಮ್ಮ ಫೋನ್ ಮ್ಯಾಲ ಫೋನ್ ಹಚ್ಚಾಕತ್ತೀನಿ ಅಂತ ಇಲ್ಲೇ ಬರದಾನ, ಅವನ ಎದಿ ಏನಾಗಿರ್ತೈತಿ ಅಂತ ನಿಮಗರೆ ಅನಸಲಿಲ್ಲೇನು?”

ಬಾಳಾಸಾಬರಿಗೆ ನಿಜಕ್ಕೂ ಅನ್ನಿಸಿರಲಿಲ್ಲ. ಅನ್ನಿಸಿತ್ತು ಎಂದು ಹೇಳಲು ಬಾಯಿ ತೆರೆದರು. ಸುಂದ್ರವ್ವ ಮತ್ತೆ ಕೈ ಎತ್ತಿದ್ದು ಕಂಡು ಮುಚ್ಚಿದರು.

ಎಲ್ಲರೂ ನೋಡುತ್ತ ನಿಂತಂತೆಯೇ ಅವರು ಬರೆಯಬೇಕಾಯಿತು: ‘ಆತ್ಮೀಯರೇ, ನಾನು ಬದುಕಿದ್ದೇನೆ.’ ಬರೆದು ಕಾದರು. ಇಷ್ಟೊತ್ತು ಅಳುತ್ತಿದ್ದ ಗಡಿನಾಡು ತಟ್ಟನೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಬರೆದ: ‘ಸತ್ತವರ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದಾರೆ. ಇಂಥ ನೀಚರಿಗೆ ನಾಚಿಕೆಯಾಗಬೇಕು.’ ಅದಕ್ಕೆ ನೋಡನೋಡುತ್ತಿದ್ದಂತೆ ಇಪ್ಪತ್ತು ಮೆಚ್ಚುಗೆ ಬಿದ್ದವು.

ವಿರುಪಾಕ್ಷಪ್ಪನವರಾದರೂ ಖುಷಿಪಟ್ಟಾರು ಎಂದು ಬಾಳಾಸಾಬರು ಅವರಿಗೆ ಫೋನ್ ಮಾಡಿದರು. ಆಚೆಯಿಂದ ಮೊದಲು ದೀರ್ಘ ಉಸಿರು ಕೇಳಿಸಿತು.

“ಹಿಂಗಾದ್ರ ಹೆಂಗ್ರಿ ಮಗದುಮ್ ಅವರ? ನುಡಿನಮನಕ್ಕ ಹಾಲ್ ಹೇಳಿ ಬಂದೀನಿ. ಫ್ಲೆಕ್ಸ್ ಪ್ರಿಂಟಿಗೆ ಹೋಗೇತಿ.”

“ನನ್ನ ಬ್ಲಾಗಿನ ಬಗ್ಗೆ ತಾವು ಅಷ್ಟು ಚಲೋ ಬರದಿದ್ರಿ…”

“ಸತ್ತವರ ಬಗ್ಗೆ ಮತ್ತೇನ ಬರೀಬೇಕ್ರಿ?” ಎಂದರು ವಿರುಪಾಕ್ಷಪ್ಪನವರು. “ಅಂದಂಗ, ಯಾವ ಊರಾತ್ರಿ ನಿಮ್ದು?”

ಬದುಕಿರುವುದಕ್ಕೆ ಸಾಕ್ಷಿಯಾಗಿ ಹೊಸ ಫೋಟೋ ಹಾಕದೆ ಗತ್ಯಂತರವಿರಲಿಲ್ಲ. ಈ ಸಲ ಆರಿಸುವ ಮಾತೇ ಬರಲಿಲ್ಲ. “ನಾ ಅತ್ತದ್ದ ಊರೆಲ್ಲಾ ನೋಡೇತಿ, ನಗೂದನ್ನೂ ನೋಡ್ಲಿ,” ಎಂದು ಸುಂದ್ರವ್ವ ತಮ್ಮನ ಹೆಗಲ ಮೇಲೆ ಕೈ ಹಾಕಿ ನಿಂತಳು. ಇನ್ನೊಂದು ಪಕ್ಕಕ್ಕೆ ನೀಲಮ ನಿಂತಳು, ನಗಲಿಲ್ಲ. ಐಗಳಿಯ ಹೆಂಗಸೊಬ್ಬಳು ಬಾಳಾಸಾಬರ ಮೊಬೈಲಿನಲ್ಲಿ ತೆಗೆದಳು. ಅಕ್ಕನ ಕಣ್ಣು ಊದಿದ್ದವು, ಬಾಳಾಸಾಬರ ಒಂದು ಕೆನ್ನೆ ಕೆಂಪಾಗಿತ್ತು, ಬಾಯಿ ಏನೋ ಹೇಳಲು ಹೋಗಿ ತೆರೆದೇ ಇತ್ತು. ಹಾಕಿದರು. ಜನ ನಂಬಿದರು. ಕಾಗವಾಡದಿಂದ ಮೋಟರ್‌ಸೈಕಲ್ ಮೇಲೆ ಓಡಿಬಂದ ಬಾಹುಬಲಿ ಬಾಗಿಲಲ್ಲೇ ಕುಸಿದು ಕೂತು ನೀರು ಕೇಳಿದ. ಹೊತ್ತು ಮುಳುಗುವ ಮೊದಲು ಎಲ್ಲರಿಗೂ ಊಟ ಹಾಕಬೇಕಾದ್ದರಿಂದ ನೀಲಮ ಮೊರ ಎತ್ತಿಕೊಂಡು ಒಳಗೆ ಹೋದಳು.

ಹದಿನೈದು ದಿನ ಬಾಳಾಸಾಬರು ತಡೆದುಕೊಂಡರು. ಆಮೇಲೆ, ಈಗೆಲ್ಲ ತಣ್ಣಗಾಗಿದೆ ಎಂದುಕೊಂಡು ಆಸಿಫನ ಹತ್ತಿರ ಹೋಗಿ, ಅದೇ ಫೋಟೋದಿಂದ ಅಕ್ಕನನ್ನೂ ಹೆಂಡತಿಯನ್ನೂ ಕತ್ತರಿಸಿ ತೆಗೆಸಿ, ಕೆನ್ನೆಯ ಬಣ್ಣ ತಿದ್ದಿಸಿಕೊಂಡು ಬಂದರು. ತೆರೆದ ಬಾಯಿ ಈಗ ಭಾಷಣ ಮಾಡುವವನ ಹಾಗೆ ಕಾಣುತ್ತಿತ್ತು. ಹೆಗಲ ಮೇಲೆ ಅಕ್ಕನ ನಾಲ್ಕು ಬೆರಳು ಉಳಿದಿದ್ದವು. ಅಷ್ಟು ಯಾರು ನೋಡುತ್ತಾರೆಂದು ಹಾಕಿಬಿಟ್ಟರು. ಹಾಕಿದ ನಿಮಿಷಕ್ಕೇ ಬಾಹುಬಲಿ, ‘ಭಾಳ ಚಲೋ ಬಂದೈತಿ ದಾಜಿ, ಕೈ ಯಾರದು?’ ಎಂದು ಬರೆದ.

ಸಂಜೆ ನೀಲಮ ಊಟಕ್ಕೆ ಬಡಿಸುವಾಗ ಆ ಮಾತು ಎತ್ತಲಿಲ್ಲ. ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಬಾಳಾಸಾಬರು ಎರಡನೆಯ ರೊಟ್ಟಿಗೆ ಕೈ ಚಾಚಿದಾಗ ಶಾಂತವಾಗಿ ಹೇಳಿದಳು:

“ಮುಂದ ಖರೇನ ಆ ದಿನ ಬಂತಂದ್ರ ಫೋಟೋದ ಚಿಂತಿ ನೀವು ಮಾಡಬ್ಯಾಡ್ರಿ. ಅದನ್ನ ನಾ ಆರಸ್ತೀನಿ.”