ಬಿಗಿಯಣ್ಣ ಬಿಗಿದ ನಟ್ಟು

ಬಿಗಿಯಣ್ಣನ ಕೈ ಬಿದ್ದ ವಸ್ತುವನ್ನು ಬಿಚ್ಚಬೇಕಾದರೆ ಮತ್ತೆ ಬಿಗಿಯಣ್ಣನೇ ಬರಬೇಕು ಎನ್ನುವುದು ಆ ಮೂವರ ಮನೆಯಲ್ಲಿ ಇತ್ಯರ್ಥವಾಗಿಹೋದ ಸಂಗತಿ. ಅವನು ನಿಲ್ಲಿಸಿದ ನಲ್ಲಿಯಿಂದ ಮರುದಿನ ಯಾರಿಗೂ ನೀರು ಸಿಗುತ್ತಿರಲಿಲ್ಲ. ಅವನು ಮುಚ್ಚಿಟ್ಟ ಸಕ್ಕರೆ ಡಬ್ಬಿಯ ಜೊತೆ ಗುದ್ದಾಡಿ ಸೋತು, ಉಳಿದಿಬ್ಬರು ಸಪ್ಪೆ ಚಹಾ ಕುಡಿದು ಎದ್ದುಹೋಗುತ್ತಿದ್ದರು. ಅವನ ಉದ್ಯೋಗವೂ ಅಂಥದ್ದೇ. ಸರಕು ಸಾಗಿಸುವ ಆಫೀಸಿನಲ್ಲಿ ಲಾರಿಗಳ ಮೇಲೆ ಹೊರೆ ಹೇರಿಸಿ ಹಗ್ಗ ಬಿಗಿಸುವ ಮೇಲ್ವಿಚಾರಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗಂಟು ಸಡಿಲಾಗಿ, ಲಾರಿ ತುಂಬ ಇದ್ದ ಹಾಸಿಗೆಗಳು ಹೆದ್ದಾರಿಯುದ್ದಕ್ಕೂ ಒಂದೊಂದಾಗಿ ಉದುರಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಬಿದ್ದದ್ದು ಹಾಸಿಗೆಗಳಾದ್ದರಿಂದ ಅವುಗಳಿಗೂ ಏನೂ ಆಗಲಿಲ್ಲ. ಪೆಟ್ಟೆಲ್ಲ ಬಿಗಿಯಣ್ಣನ ಮನಸ್ಸಿಗೇ ಬಿತ್ತು. ಅಂದಿನಿಂದ ಅವನು ಯಾವುದನ್ನೂ ಸುಮ್ಮನೆ ಬಿಗಿದವನಲ್ಲ. ಬಿಗಿದ ಮೇಲೆ ಇನ್ನೊಂದು ಸುತ್ತು ಬಿಗಿಯುತ್ತಿದ್ದ.

ತಂಗಿಯ ಕೆಲಸ ಇದಕ್ಕೆ ತೀರಾ ತಿರುವುಮುರುವು. ಮೈಕಟ್ಟು ಸಣ್ಣದೆಂದು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದ ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮು ರಿಪೇರಿ ಮಾಡುತ್ತಿದ್ದಳು. ಸಾಸಿವೆಯಷ್ಟಿರುವ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿ ಬೆರಳ ತುದಿಯಿಂದ ತಿರುಗಿಸಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಗಾಜು ಸೀಳಿ ಕೈಗೆ ಬರುತ್ತದೆ. ಅಂಗಡಿ ಇದ್ದದ್ದು ಹೆದ್ದಾರಿಯ ಆಚೆ ಬದಿಯ ಪೇಟೆಯಲ್ಲಿ. ಅಲ್ಲಿಗೆ ಹೋಗಿಬರಲು ಅವಳು ಒಂದು ಹಳೆಯ ಮೋಟಾರ್ ಸೈಕಲ್ ಕೊಂಡಿದ್ದಳು. ಅದನ್ನು ಉಜ್ಜಿ, ಒರೆಸಿ, ಎಣ್ಣೆ ಹಾಕಿ ಮುದ್ದಿನಿಂದ ಸಾಕಿಕೊಂಡಿದ್ದಳು.

ಒಂದು ಬೆಳಿಗ್ಗೆ ಚೈನು ಜೋತುಬಿದ್ದು ಕಟಕಟ ಎನ್ನುತ್ತಿದೆ ಎಂದು ಅವಳು ಊಟದ ಮೇಜಿನ ಬಳಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಣ್ಣ ಚೈನು ಎಳೆದು, ಹಿಂದಿನ ಚಕ್ರದ ಅಚ್ಚಿನ ನಟ್ಟನ್ನು ಬಿಗಿದು, ಕೈ ತೊಳೆದು, ಆಫೀಸಿಗೆ ಹೊರಟುಬಿಟ್ಟಿದ್ದ. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತು ಕುಣಿದನೆಂದು ಜಗಲಿಯಿಂದ ನೋಡಿದ್ದ ಸೋದರತ್ತೆ ವರದಿ ಒಪ್ಪಿಸಿದಳು. ಈ ಅಣ್ಣ ತಂಗಿ ಚಿಕ್ಕಂದಿನಲ್ಲೇ ತಾಯಿ ತಂದೆಯನ್ನು ಕಳೆದುಕೊಂಡಾಗ ಬಂದು ಇಬ್ಬರನ್ನೂ ಸಾಕಿದವಳು ಅವಳೇ. ಭಾರೀ ಆಳು, ಇನ್ನೂ ಭಾರೀ ಬಾಯಿ.

ಅಂದಿನಿಂದ ಗಾಡಿ ಮುನಿಸಿಕೊಂಡಿತು. ತಳ್ಳಿದರೆ ಮುಂದೆ ಹೋಗದು. ಓಡಿಸಿದರೆ ಹಿಂದಿನ ಚಕ್ರದಿಂದ ನರಳುವ ಸದ್ದು. ಅಂಗಡಿ ತಲುಪಿ ಮುಟ್ಟಿ ನೋಡಿದರೆ ಚಕ್ರದ ನಡುಭಾಗ ಚಹಾ ಲೋಟದಷ್ಟು ಬಿಸಿ. ಅಣ್ಣನಿಗೆ ಹೇಳಿದರೆ, ಹೊಸದಾಗಿ ಬಿಗಿದಾಗ ಹಾಗೇ, ಹೊಂದಿಕೊಳ್ಳುತ್ತದೆ ಎಂದ. ಅವನು ಬಿಗಿದದ್ದನ್ನು ಸಡಿಲ ಮಾಡುತ್ತೇನೆ ಎಂದರೆ ಎರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಾನೆ. ಅಂಗಡಿಗೆ ರಜೆಯಿರುವ ದಿನ, ಅವನು ಆಫೀಸಿಗೆ ಹೋದ ಮೇಲೆ, ಸದ್ದಿಲ್ಲದೆ ಕೆಲಸ ಮುಗಿಸಿಬಿಡೋಣ ಎಂದುಕೊಂಡಳು ಗುಬ್ಬಿ.

ರಜೆ ಬಂತು, ಅಣ್ಣ ಹೋದ, ಗುಬ್ಬಿ ಸ್ಪ್ಯಾನರ್ ಹಿಡಿದು ಅಂಗಳಕ್ಕಿಳಿದಳು. ಎರಡು ಕೈಯಲ್ಲಿ ಒತ್ತಿದಳು. ಕಾಲಿನಿಂದ ಒದ್ದಳು. ಪೈಪು ಸಿಕ್ಕಿಸಿ ಅದರ ತುದಿಗೆ ಜೋತುಬಿದ್ದಳು. ನಟ್ಟು ಮಿಸುಕಲಿಲ್ಲ, ಅವಳೇ ಪೈಪಿನ ತುದಿಯಲ್ಲಿ ಒಗೆದ ಬಟ್ಟೆಯಂತೆ ತೂಗಾಡಿದಳು. ಅತ್ತೆ ಜಗಲಿಯ ಮೇಲೆ ಪೇಪರು ಹಿಡಿದು ಕೂತು, ಬೇಕೆಂದವರಿಗೂ ಬೇಡವೆಂದವರಿಗೂ ಸಲಹೆ ಕೊಡುತ್ತಿದ್ದಳು.

ಕೊನೆಗೆ ರಸ್ತೆ ತುದಿಯ ಪಂಕ್ಚರ್ ಅಂಗಡಿಯವನನ್ನು ಕರೆತಂದದ್ದಾಯಿತು. ಅವನು ನಗುನಗುತ್ತಲೇ ಬಂದು ಕೂತ. ಒಂದು ಪಟ್ಟು ಹಾಕಿದ ಮೇಲೆ ನಗು ನಿಂತಿತು. ಇನ್ನೊಂದು ಪಟ್ಟು ಹಾಕಿದಾಗ ಸ್ಪ್ಯಾನರ್ ಜಾರಿ, ನಟ್ಟಿನ ಒಂದು ಮೂಲೆ ಸವೆದು, ಅವನ ಬೆರಳಿನ ಚರ್ಮವೂ ಸ್ವಲ್ಪ ಹೋಯಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಗುಬ್ಬಿಯ ಕಡೆ ನೋಡಿದ.

"ಇದನ್ನ ಬಿಗಿದೋರು ಯಾರಕ್ಕ?"

"ನಮ್ಮಣ್ಣ."

"ನಿಮ್ಮ ಮೇಲೆ ಏನಾದ್ರೂ ಸಿಟ್ಟಿತ್ತಾ ಅವ್ರಿಗೆ?"

ಇನ್ನು ಬಲ ಹಾಕಿದರೆ ನಟ್ಟಿನ ಮೂಲೆಗಳೆಲ್ಲ ಹೋಗಿ ಗುಂಡಗಾಗುತ್ತದೆ, ಆಮೇಲೆ ಉಳಿಯಿಂದ ಸೀಳಬೇಕಾದೀತು ಎಂದು ಅವನು ವಿವರಿಸಿದ. ನಟ್ಟಿಗೆ ಸುತ್ತಲೂ ಗಪ್ಪನೆ ಕೂರುವ ಸಾಕೆಟ್ಟು ಬೇಕು, ತುಕ್ಕು ಬಿಡಿಸುವ ಎಣ್ಣೆ ನೆನೆಯಬೇಕು, ಇನ್ನೂ ಉದ್ದದ ಪೈಪು ಬೇಕು. ಮೂರನ್ನೂ ಅಂಗಡಿಯಿಂದ ತಂದ. ಎಣ್ಣೆ ಹಾಕಿ, ನೆನೆಯಲಿ ಎಂದು ಬಿಟ್ಟು, ಅತ್ತೆ ಮಾಡಿಕೊಟ್ಟ ಚಹಾ ಕುಡಿಯುತ್ತಿದ್ದಾಗ ಗೇಟು ಕಿರ್ರೆಂದಿತು.

ಬಿಗಿಯಣ್ಣ. ಲಾರಿ ಕೆಟ್ಟು ಕೆಲಸ ನಿಂತಿದ್ದರಿಂದ ಊಟಕ್ಕೆ ಮನೆಗೇ ಬಂದಿದ್ದ.

ಗುಬ್ಬಿ ಸ್ಪ್ಯಾನರನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಆದರೆ ಆಳೆತ್ತರದ ಪೈಪನ್ನು ಎಲ್ಲಿ ಬಚ್ಚಿಡುವುದು? ಅದು ಅವಳ ತಲೆಯ ಹಿಂದಿನಿಂದ ಬಾವುಟದ ಕಂಬದಂತೆ ಎದ್ದು ನಿಂತಿತ್ತು. ಅಣ್ಣ ಎಲ್ಲರ ಮುಖವನ್ನೂ ನೋಡಿದ. ಗಾಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಸವೆದ ಮೂಲೆಯನ್ನು ಬೆರಳಿನಿಂದ ಸವರಿದ. ಅಣ್ಣ ಬಯ್ದಿದ್ದರೆ ವಾಸಿಯಿತ್ತು. ಅವನು ಪೆಚ್ಚಾಗಿ, ನನಗೇ ಹೇಳಿದ್ದರೆ ತೆಗೆದುಕೊಡುತ್ತಿರಲಿಲ್ಲವೇ ಎಂದಷ್ಟೇ ಕೇಳಿದ. ಅಂಗಿಯ ತೋಳು ಮಡಚಿ ಸಾಕೆಟ್ಟು ಕೂರಿಸಿ ಪೈಪು ಹಿಡಿದ.

ಕತ್ತಿನ ನರಗಳು ಉಬ್ಬಿದವು. ಮುಖ ಕೆಂಪೇರಿತು. ನಟ್ಟು ಜಪ್ಪಯ್ಯ ಎನ್ನಲಿಲ್ಲ. ಅವನು ಬಿಟ್ಟು ನಿಂತು ಏದುಸಿರು ಬಿಡುತ್ತಿದ್ದಾಗ, ಆ ಪೆಚ್ಚುಮುಖದಲ್ಲೂ ಒಂದು ಸಣ್ಣ ಹೆಮ್ಮೆ ಇಣುಕಿತು. ಹೇಗೆ ಕೂತಿದೆ ನೋಡಿದಿರಾ ಎಂದು ಪಂಕ್ಚರಿನವನನ್ನು ಕೇಳಿಯೇಬಿಟ್ಟ. ಪಂಕ್ಚರಿನವನು ತನ್ನ ಬೆರಳು ನೋಡಿಕೊಂಡ.

ಈ ಸಲ ಅಣ್ಣ ಹಟಕ್ಕೆ ಬಿದ್ದ. ಪೈಪನ್ನು ಭುಜದ ಮೇಲಿಟ್ಟುಕೊಂಡು, ಮಂಡಿಯೂರಿ, ಅಡಿಯಿಂದ ಮೇಲಕ್ಕೆ ಎತ್ತತೊಡಗಿದ. ಕಿರ್ರ್ ಎಂದಿತು. ನಟ್ಟು ಒಂದಿಷ್ಟು ತಿರುಗಿತು. ಬಂತು, ಬಂತು ಎಂದ ಅಣ್ಣ. ಅತ್ತೆ ಜಗಲಿಯಿಂದ ಚಪ್ಪಾಳೆ ತಟ್ಟಿದಳು. ಗುಬ್ಬಿ ಮಾತ್ರ ತಲೆ ವಾರೆ ಮಾಡಿ ನಟ್ಟನ್ನೇ ನೋಡುತ್ತಿದ್ದಳು. ದಿನವಿಡೀ ಸ್ಕ್ರೂ ನೋಡುವ ಕಣ್ಣು. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ತೊಳಲಾಡಿದಳು.

"ಅಣ್ಣ," ಎಂದಳು ಮೆಲ್ಲಗೆ, "ನೀನು ಇನ್ನೂ ಬಿಗೀತಾ ಇದೀಯ."

ಅಣ್ಣ ಪೈಪು ನೋಡಿದ, ನಟ್ಟು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಅವಕ್ಕೆ ಅಭ್ಯಾಸವಿದ್ದದ್ದು ಒಂದೇ ದಿಕ್ಕು. ಮೊದಲು ನಕ್ಕವಳು ಅತ್ತೆ. ಆಮೇಲೆ ಪಂಕ್ಚರಿನವನು ಮುಖ ಗೋಡೆಗೆ ತಿರುಗಿಸಿಕೊಂಡು ಭುಜ ಕುಣಿಸಿದ. ಕೊನೆಗೆ ಅಣ್ಣನೇ ನೆಲದ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನು ತನ್ನನ್ನೇ ನೋಡಿಕೊಂಡು ನಕ್ಕದ್ದನ್ನು ಗುಬ್ಬಿ ಯಾವತ್ತೂ ಕಂಡಿರಲಿಲ್ಲ. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

ಆ ಮೇಲೆ ಕೆಲಸ ಎಲ್ಲರದ್ದಾಯಿತು. ಪೈಪನ್ನು ಹಿಂಬದಿಗೆ ಚಾಚಿ ಕೆಳಕ್ಕೆ ಒತ್ತಬೇಕು. ಒತ್ತಿದರೆ ಗಾಡಿ ಸ್ಟ್ಯಾಂಡಿನಿಂದ ಜಿಗಿಯುತ್ತದೆ. ಅಣ್ಣ ಮುಂಭಾಗವನ್ನು ತಬ್ಬಿ ಹಿಡಿದ. ಪಂಕ್ಚರಿನವನು ಆಚೆ ಬದಿಯಲ್ಲಿ ಅಚ್ಚಿನ ತಲೆ ತಿರುಗದಂತೆ ಹಿಡಿದ. ಗುಬ್ಬಿ ಪೈಪಿನ ಮೇಲೆ ಹತ್ತಿ ನಿಂತರೆ ಪೈಪಿಗೆ ತಿಳಿಯಲೇ ಇಲ್ಲ. ಭಾರ ಬೇಕಿತ್ತು. ಮೂವರ ಕಣ್ಣೂ ತಾನಾಗಿ ಜಗಲಿಯ ಕಡೆ ಹೊರಳಿದವು.

ಅತ್ತೆ ಪೇಪರು ಕೆಳಗಿಟ್ಟಳು. "ಯಾಕ್ರೋ ಎಲ್ಲಾರೂ ನನ್ನೇ ನೋಡ್ತಿದೀರಿ?"

"ಏನಿಲ್ಲ ಅತ್ತೆ," ಎಂದಳು ಗುಬ್ಬಿ. "ನಿಮ್ಮ ಆಶೀರ್ವಾದ ಬೇಕಿತ್ತು."

"ಎಷ್ಟು ಕೆಜಿ?"

ಹಾಗೆ ಕೇಳುತ್ತಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು. ಗುಬ್ಬಿಯ ಭುಜ ಹಿಡಿದುಕೊಂಡು, ಅಡುಗೆಮನೆಯಿಂದ ತರಿಸಿದ ಮಣೆಯ ಮೇಲೆ ಹತ್ತಿ, ಅಲ್ಲಿಂದ ಪೈಪಿನ ತುದಿಯ ಮೇಲೆ ಒಂದು ಕಾಲಿಟ್ಟಳು. ಆಮೇಲೆ ಇನ್ನೊಂದು. ಏನೂ ಆಗಲಿಲ್ಲ. ಈ ವಯಸ್ಸಿಗೆ ಈ ಸರ್ಕಸ್ಸು ಬೇರೆ ಬಾಕಿಯಿತ್ತು ಎಂದು ಅವಳು ಶುರುಮಾಡುತ್ತಿದ್ದಂತೆ ಟಪ್ ಎಂದು ಬಡಿಗೆ ಮುರಿದಂಥ ಸದ್ದಾಯಿತು. ಅಣ್ಣ ಬೆಚ್ಚಿ ಹ್ಯಾಂಡಲ್ ಅಪ್ಪಿಕೊಂಡ. ಪೈಪು ನಿಧಾನವಾಗಿ ಕೆಳಗಿಳಿಯಿತು, ಅದರ ಜೊತೆ ಅತ್ತೆಯೂ ಇಳಿದು ನೆಲದ ಮೇಲೆ ಗಂಭೀರವಾಗಿ ನಿಂತಳು. ಸೆರಗು ಸರಿಮಾಡಿಕೊಂಡು, ಮೊದಲೇ ಕರೆಯಬಾರದಿತ್ತೇ ಎಂದಳು.

ನಟ್ಟು ಕಳಚಿ ಬಂತು. ಅದರ ಮೂಲೆಯಂತೆ ಒಳಗಿನ ಸುತ್ತುಗೆರೆಗಳೂ ಹಾಳಾಗಿದ್ದವು. ಅಚ್ಚು ಪುಣ್ಯಕ್ಕೆ ಚೆನ್ನಾಗಿತ್ತು. ಪಂಕ್ಚರಿನವನು ಹೊಸ ನಟ್ಟು ತಂದ. ಜೊತೆಗೆ ಕಾರಿನ ಚಕ್ರಗಳಿಗೆ ಬಳಸುವ, ಬೇಕಾದಷ್ಟು ಬಿಗಿಯಾದ ಕೂಡಲೇ ಟಿಕ್ ಎನ್ನುವ ಸ್ಪ್ಯಾನರನ್ನೂ ತಂದ. ಗುಬ್ಬಿ ಅಚ್ಚಿಗೆ ಗ್ರೀಸು ಸವರಿದಳು. ಚೈನಿಗೆ ಬೆರಳು ಆಡುವಷ್ಟು ಸಡಿಲ ಬಿಟ್ಟಳು. ಅಳತೆ ಹೊಂದಿಸಿದ ಸ್ಪ್ಯಾನರನ್ನು ಅಣ್ಣನ ಕೈಗೆ ಕೊಟ್ಟಳು.

ಅವನು ಅನುಮಾನದಿಂದಲೇ ತಿರುಗಿಸಿದ. ಟಿಕ್ ಎಂದಿತು.

"ಇಷ್ಟೇನಾ?"

"ಇಷ್ಟೇ."

ಅವನು ಸ್ಪ್ಯಾನರ್ ಬಿಡಲಿಲ್ಲ. ಬೆರಳುಗಳು ಇನ್ನೊಂದು ಸುತ್ತಿಗೆ ಹಾತೊರೆಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. "ದಿನಾ ಆ ಲಾರಿಗಳ ನಡುವೆ ಹೋಗ್ತೀಯ ಗುಬ್ಬಿ," ಎಂದ, ಯಾರ ಮುಖವನ್ನೂ ನೋಡದೆ. "ನಾನೇ ಅಲ್ವಾ ಆ ಲಾರಿಗಳನ್ನ ಕಳಿಸೋದು. ಚಕ್ರ ಕಳಚಿಕೊಂಡ್ರೆ ಅಂತ ಅನ್ನಿಸಿದ್ರೆ ಕೈ ನಿಲ್ಲಲ್ಲ ನಂದು."

ಗುಬ್ಬಿ ಅವನ ಪಕ್ಕ ಕೂತು, ಅಚ್ಚಿನ ತುದಿಯಲ್ಲಿದ್ದ ಸಣ್ಣ ತೂತು ತೋರಿಸಿದಳು. ಅಲ್ಲಿಗೆ ಒಂದು ಪಿನ್ನು ಬರಬೇಕು, ಅದಿದ್ದರೆ ನಟ್ಟು ಹಿಂದಕ್ಕೆ ತಿರುಗಲಾರದು ಎಂದಳು. ಅಣ್ಣ ಕಿವಿ ಕೆರೆದುಕೊಂಡ. ಅಂಥದ್ದೊಂದು ತುಕ್ಕು ಹಿಡಿದ ತಂತಿ ಇತ್ತು, ಕಸವೆಂದು ಕಿತ್ತೆಸೆದೆ ಎಂದ. ಪಂಕ್ಚರಿನವನು ಮತ್ತೆ ಗೋಡೆಯ ಕಡೆ ತಿರುಗಿದ. ಗುಬ್ಬಿ ಹೊಸ ಪಿನ್ನು ತೂರಿಸಿ ಅದರ ಎರಡು ಕಾಲುಗಳನ್ನು ಇಕ್ಕಳದಿಂದ ಬಾಗಿಸಿದಳು. ಅಣ್ಣ ಬಗ್ಗಿ, ಅದನ್ನು ಎಳೆದು ನೋಡಿದ, ತಿರುಚಿ ನೋಡಿದ. ಕೊನೆಗೆ ಸ್ಪ್ಯಾನರನ್ನು ಪಂಕ್ಚರಿನವನಿಗೆ ಹಿಂತಿರುಗಿಸಿ ಚಕ್ರಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟ. ಚಕ್ರ ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಅವನು ಅದು ನಿಲ್ಲುವವರೆಗೂ ನೋಡಿದ.

ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತಿದ್ದಳು. ನಟ್ಟು ಬಿಚ್ಚಿದ್ದು ತಾನಾದ್ದರಿಂದ ಮೊದಲ ಸವಾರಿಯೂ ತನ್ನದೇ ಎಂದಳು. ಈ ಗಾಡಿಯನ್ನು ಅವಳು ಅಂದಿನವರೆಗೆ ಮುಟ್ಟಿಯೂ ನೋಡಿರಲಿಲ್ಲ. ಅಣ್ಣ ತನ್ನ ಹೆಲ್ಮೆಟ್ಟನ್ನು ತಂದು ಅವಳ ಮುಡಿಯ ಮೇಲೆ ಹೇಗೋ ಕೂರಿಸಿದ. ರಸ್ತೆ ತುದಿಯವರೆಗೆ ಹೋಗಿ ಬರೋಣ ಎಂದು ಗುಬ್ಬಿ ಹೊರಟಳು. ರಸ್ತೆ ತುದಿ ಬಂದಾಗ ಅತ್ತೆ ಹಿಂದಿನಿಂದ ಅವಳ ಬೆನ್ನು ತಟ್ಟಿ, ಕೆರೆಯವರೆಗೆ ಹೋಗೋಣ ನಡಿಯೇ ಎಂದಳು. ಗುಬ್ಬಿ ಗೇರು ಬದಲಿಸಿದಳು.