ಬೀಗ ಹಾಕಬಾರದು

"ಏಯ್, ಸತ್ತೋರು ಕೆಮ್ಮಬಾರ್ದು ಕಣಮ್ಮಾ! ಎಷ್ಟು ಸಲ ಹೇಳೋದು ನಿಂಗೆ?"

ಪಾಲಿಕೆಯ ಆಫೀಸರ್ ಉಪೇಂದ್ರ ಮೈಕಿನಲ್ಲೇ ಬೈದ. ಸ್ಟ್ರೆಚರಿನ ಮೇಲೆ ಹೆಣವಾಗಿ ಮಲಗಿದ್ದ ನಮ್ಮತ್ತೆ ಚನ್ನಕ್ಕ ಒಂದೇ ಕಣ್ಣು ತೆರೆದು, "ದಮ್ಮು ಬಂದ್ರ ನಾ ಏನ್ ಮಾಡ್ಲೋ ಯಪ್ಪಾ? ಬ್ಯಾರೆ ಯಾರನ್ನರ ಸಾಯಸು" ಎಂದಳು. ಸುತ್ತ ನಿಂತ ನಮ್ಮ ಶೆಡ್ಡಿನ ಮಂದಿ ಗೊಳ್ಳೆಂದು ನಕ್ಕರು. ಉಪೇಂದ್ರನಿಗೆ ನಗು ಬರಲಿಲ್ಲ. ಅವನ ಮೇಲಿನ ಸಾಹೇಬರು ಬರುವ ಹೊತ್ತಾಗಿತ್ತು.

"ಈ ಗುಲ್ಬರ್ಗದೋರನ್ನ ಕಟ್ಕೊಂಡ್ರೆ ಒಂದು ಹೆಣಾನೂ ನೆಟ್ಟಗೆ ಮಾಡಕ್ಕಾಗಲ್ಲ ಗುರು" ಎಂದು ಕ್ಯಾಮೆರಾದವನಿಗೆ ಹೇಳಿದ.

ನಾವು ಗುಲ್ಬರ್ಗದವರಲ್ಲ, ಲಿಂಗಸುಗೂರಿನ ಕಡೆಯವರು. ಬೆಂಗಳೂರಿನವರಿಗೆ ತುಂಗಭದ್ರೆ ದಾಟಿದರೆ ಆಚೆಗಿರುವುದೆಲ್ಲ ಗುಲ್ಬರ್ಗವೇ. ತಿದ್ದಿ ತಿದ್ದಿ ಸಾಕಾಗಿ ನಾನು ಬಿಟ್ಟುಬಿಟ್ಟಿದ್ದೇನೆ.

ಕುಂದಲಹಳ್ಳಿಯ ಆ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಅವತ್ತು ಮಾಕ್ ಡ್ರಿಲ್ ಇತ್ತು. ಪ್ರವಾಹ ಬಂದ ಹಾಗೆ, ಜನ ನೀರಿನಲ್ಲಿ ಸಿಕ್ಕಿಕೊಂಡ ಹಾಗೆ, ಅವರನ್ನು ತಂದು ಹಾಲ್‌ನಲ್ಲಿ ಇಟ್ಟುಕೊಂಡ ಹಾಗೆ ನಾಟಕ. ಸಂತ್ರಸ್ತರಾಗಬೇಕಿದ್ದವರು ಅಪಾರ್ಟ್‌ಮೆಂಟಿನ ಜನ. ಮೇ ತಿಂಗಳ ಬಿಸಿಲಿಗೆ ಅವರು ಕೆಳಗಿಳಿಯಲಿಲ್ಲ. ಅದಕ್ಕೆ ಕಾಂಪೌಂಡಿನ ಆಚೆ, ರಾಜಕಾಲುವೆಯ ದಂಡೆಯ ಮೇಲೆ ತಗಡಿನ ಶೆಡ್ಡುಗಳಲ್ಲಿ ಇದ್ದ ನಮ್ಮನ್ನು ಕರೆಸಿದರು. ಎದುರುಗಡೆ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಕೆಲಸ ಮಾಡುವ ನಲವತ್ತು ಜನ ನಾವು. ನಮಗೆ ತಲೆಗೊಂದು ಬಿಸ್ಕಿಟ್ ಪೊಟ್ಟಣ, ಒಂದು ಟೋಪಿ ಕೊಟ್ಟರು, ಕೊರಳಿಗೊಂದು ಚೀಟಿ ಹಾಕಿದರು.

"ಏನಂತ ಬರದಾರ ಇದರಾಗ?" ಎಂದು ಅತ್ತೆ ಕೇಳಿದಳು.

"ಸಂತ್ರಸ್ತ, ನಂಬರ್ ಹನ್ನೊಂದು."

"ಸಂತಿ ರಸ್ತಾ? ಇಲ್ಲಿ ಸಂತಿ ಎಲ್ಲೈತಿ?"

ಅವತ್ತಿನಿಂದ ನಮ್ಮ ಶೆಡ್ಡುಗಳಲ್ಲಿ ಎಲ್ಲರೂ ಸಂತಿ ರಸ್ತೆಯವರಾದರು. "ಏ ಸಂತಿ ರಸ್ತಾ, ನೀರ್ ಬಂತೇನ?" ಎಂದು ನಲ್ಲಿಯ ಹತ್ತಿರ ಒಬ್ಬರನ್ನೊಬ್ಬರು ಕೂಗುತ್ತಿದ್ದೆವು.

ಹಾಲ್‌ನ ಬಾಗಿಲ ಪಕ್ಕದಲ್ಲಿ ಹಸಿರು ಬೋರ್ಡು ಹೊಡೆದಿದ್ದರು. ನಾನು ಒಂಬತ್ತನೇ ಇಯತ್ತೆ ತನಕ ಸಾಲಿ ಕಲಿತವಳು. ನಮ್ಮವರಿಗೆ ಕೇಳಲೆಂದು ಗಟ್ಟಿಯಾಗಿ ಓದಿದೆ. "ತುರ್ತು ಆಶ್ರಯ ತಾಣ. ಒಂದು, ಈ ಬಾಗಿಲಿಗೆ ಎಂದೂ ಬೀಗ ಹಾಕಬಾರದು. ಎರಡು, ಗುರುತಿನ ಚೀಟಿ ಇಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸಬಾರದು. ಮೂರು, ವೃದ್ಧರು, ರೋಗಿಗಳು, ಬಾಣಂತಿಯರು, ಮಕ್ಕಳು ಮೊದಲು."

"ಅಬ್ಬಾ, ಎಷ್ಟು ಸ್ಪಷ್ಟವಾಗಿ ಓದ್ತೀಯಮ್ಮಾ! ಏನು ನಿನ್ನ ಹೆಸರು, ನೀಲಾಂಬಿಕಾನಾ?" ಎಂದು ಹೊಗಳಿದವರು ಸತ್ಯವತಿ ಮೇಡಂ. ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಯಾವುದೋ ಸರ್ಕಾರಿ ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವರು. "ರೂಲ್ ಅಂದ್ರೆ ರೂಲ್ ಕಣಮ್ಮಾ, ಅದು ಎಲ್ಲರಿಗೂ ಒಂದೇ" ಎಂದರು. ಆಮೇಲೆ ಸ್ಟ್ರೆಚರಿನಿಂದ ಎದ್ದು ಕುಳಿತಿದ್ದ ಅತ್ತೆಯ ಹೆಗಲ ಮೇಲೆ ಕೈಹಾಕಿ, ಕ್ಯಾಮೆರಾ ನೋಡುತ್ತಾ, "ಹೆದರ್ಬೇಡಿ ಅಜ್ಜಿ, ನಾವಿದೀವಿ" ಎಂದರು.

ಉಪೇಂದ್ರನೂ ಹೇಳಿದ. "ಈ ಹಾಲ್ ಕಟ್ಟಕ್ಕೆ ಪರ್ಮಿಷನ್ ಕೊಟ್ಟಿರೋದೇ ಇದಕ್ಕೆ. ನೀರು ಬಂದ್ರೆ ಯೋಚ್ನೆ ಮಾಡ್ಬೇಡಿ, ಸೀದಾ ಬಂದ್ಬಿಡಿ. ನಿಮ್ಮನೆ ಅಂದ್ಕೊಳ್ಳಿ."

ನಾನು ಅಂದುಕೊಂಡೆ. ತಪ್ಪು ನನ್ನದೇ. ಹಾಲ್‌ನ ರ್ಯಾಂಪಿಗೆ ಸಿಮೆಂಟು ಕಲಸಿದವಳು ನಾನು, ಹೊತ್ತು ಸುರಿದವನು ನನ್ನ ಗಂಡ ಹನುಮೇಶ. ಇನ್ನು ಬೋರ್ಡಿನ ಮೇಲೆ ಸರ್ಕಾರದ ಮುದ್ರೆ ಬೇರೆ. ಚೀಟಿಗಳನ್ನು ಬಿಸಾಡಬೇಡಿ ಎಂದು ಎಲ್ಲರಿಗೂ ಹೇಳಿ, ನಲವತ್ತನ್ನೂ ಇಸಿದುಕೊಂಡು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಧಾರ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟೆ.

ನೀರು ಬಂದದ್ದು ಸೆಪ್ಟೆಂಬರಿನಲ್ಲಿ. ರಾತ್ರಿಯೆಲ್ಲ ಸುರಿದ ಮಳೆ ಬೆಳಿಗ್ಗೆಯೂ ನಿಲ್ಲಲಿಲ್ಲ. ಏಳು ಗಂಟೆಗೆ ಕಾಲುವೆ ದಂಡೆ ಹಾರಿ ಶೆಡ್ಡಿಗೆ ನುಗ್ಗಿತು. ನೋಡನೋಡುತ್ತ ಮೊಳಕಾಲಿಗೆ ಬಂತು. ಒಲೆ ಮುಳುಗಿತು, ಚಟ್ಟಿಗೆ, ಕೊಡ ಎಲ್ಲ ತೇಲಿದವು. ಅತ್ತೆಗೆ ಮೊದಲೇ ಸಿಮೆಂಟಿನ ಧೂಳು ಕುಡಿದು ಕೆಟ್ಟ ಎದೆ. ತಂಡಿ ಹತ್ತಿದೊಡನೆ ಕುಯ್ಯ್ ಕುಯ್ಯ್ ಎಂದು ಶುರುವಾಯಿತು. ಅವಳನ್ನು ಬೇಗ ಒಣ ಜಾಗಕ್ಕೆ ಒಯ್ಯದಿದ್ದರೆ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹೋದ ವರ್ಷ ಇದೇ ತಂಡಿಗೆ ಸತ್ತು ಬದುಕಿದ್ದಳು.

ನಮ್ಮಲ್ಲಿ ಹಿರಿಯನಾದ ಮುದಕಪ್ಪ ಹೇಳಿದ: "ಬಿಲ್ಡಿಂಗ್ ಏರೂಣು ನಡೀರಿ. ನಾಕನೇ ಸ್ಲ್ಯಾಬಿಗೆ ಹೋದ್ರ ನೀರು ಎಲ್ಲಿ ಬರ್ತದ?"

"ಅಲ್ಲಿ ಗ್ವಾಡಿ ಇಲ್ಲ ಕಾಕಾ, ಗಾಳಿಗಿ ಮುದುಕಿ ಸಾಯ್ತಾಳ. ಹಾಲ್ ಐತೆಲ್ಲ, ನಮ್ ಹೆಸರೀಲೆ ಬರದಾರ. ಬೋರ್ಡ್ ಓದೀನಿ ನಾ."

"ಬರದದ್ದು ಕೊಡ್ತಾರೇನವಾ ಇವರು?"

"ಬೀಗ ಹಾಕಬಾರದು ಅಂತ ಐತಿ ಕಾಕಾ. ಸರ್ಕಾರದ್ದು."

ನನ್ನ ಮಾತಿಗೆ ಎಲ್ಲರೂ ಒಪ್ಪಿದರು. ಟ್ರಂಕಿನಿಂದ ಚೀಟಿ ತೆಗೆದು ಹಂಚಿದೆ. ಕೊರಳಿಗೆ ಹಾಕಿಕೊಂಡು ಹೊರಟೆವು. ಅತ್ತೆಯನ್ನು ಹನುಮೇಶ ಬೆನ್ನಿಗೆ ಹೊತ್ತುಕೊಂಡ. ಹೆಗಲಿಗೆ ಹತ್ಯಾರದ ಚೀಲ ಬೇರೆ. ಅದನ್ನು ಬಿಟ್ಟರೆ ನಾಳೆಯ ಕೆಲಸ ಬಿಟ್ಟಂತೆ. ಕಾಂಪೌಂಡು ಸುತ್ತಿ ಗೇಟಿಗೆ ಬರುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಹಿಂತಿರುಗಿ ನೋಡಿದರೆ ಬಿಲ್ಡಿಂಗಿಗೆ ಹೋಗುವ ರಸ್ತೆಯಲ್ಲಿ ಬೈಕುಗಳು ಕೊಚ್ಚಿ ಹೋಗುತ್ತಿದ್ದವು. ಆ ದಾರಿ ಮುಗಿಯಿತು ಎಂದುಕೊಂಡೆ, ಆದರೂ ನನಗೆ ಹೆದರಿಕೆ ಆಗಲಿಲ್ಲ.

ಗೇಟಿನ ವಾಚ್‌ಮನ್ ಹನುಮಂತಯ್ಯ ನಮ್ಮನ್ನು ತಡೆಯಲಿಲ್ಲ. ಅವನು ಹಳೇ ಕುಂದಲಹಳ್ಳಿಯವನು, ಮುದುಕ. "ಓಗಿ, ಓಗಿ. ಆದ್ರೆ ಒಳಗೆ ಜಾಗ ಇಲ್ಲ ಕಣವ್ವಾ" ಎಂದು ಮುಖ ತಿರುಗಿಸಿಕೊಂಡ.

ರ್ಯಾಂಪು ಹತ್ತಿದೆವು. ಮೇಲೆ ಒಣಗಿತ್ತು. ಹಾಲ್‌ನ ಗಾಜಿನ ಬಾಗಿಲ ಹಿಡಿಕೆಗಳಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಗಾಜಿಗೆ ಮುಖವಿಟ್ಟು ಒಳಗೆ ನೋಡಿದೆ.

ಒಳಗೆ ಕಾರುಗಳು. ಬೇಸ್‌ಮೆಂಟಿಗೆ ನೀರು ಬರುವ ಮುಂಚೆಯೇ, ನಾವು ವೀಲ್‌ಚೇರಿಗೆಂದು ಕಟ್ಟಿದ ರ್ಯಾಂಪಿನ ಮೇಲೆ ಹತ್ತಿಸಿ ತಂದು ನಿಲ್ಲಿಸಿದ್ದರು. ಒಂಬತ್ತು ಕಾರುಗಳು, ಒಂದಕ್ಕೆ ಮೇಲೆ ಕವರು ಕೂಡ ಹೊದಿಸಿದ್ದರು. ಅತ್ತೆಗೆ ಹೊದಿಸಲು ನನ್ನ ಹತ್ತಿರ ಒಂದು ಒಣ ಅರಿವೆಯೂ ಇರಲಿಲ್ಲ.

"ಮೇಡಮ್ಮರ! ಸತ್ಯವತಿ ಮೇಡಮ್ಮರ!" ಎಂದು ಕೂಗಿದೆ. ಗಂಟಲು ಹರಿಯುವಷ್ಟು ಕೂಗಿದ ಮೇಲೆ ಮೊದಲನೇ ಮಹಡಿಯ ಬಾಲ್ಕನಿಗೆ ಬಂದರು. ಶಾಲು ಹೊದ್ದಿದ್ದರು, ಕೈಯಲ್ಲಿ ಕಾಫಿ ಲೋಟ.

"ಯಾರಮ್ಮಾ ನೀವು? ಒಳಗೆ ಹೇಗೆ ಬಂದ್ರಿ?"

"ನಾವ್ರಿ, ಡ್ರಿಲ್ಲಿನ್ಯಾಗ ಬಂದಿದ್ವೆಲ್ಲ. ನೋಡ್ರಿ, ಚೀಟಿ." ಕೊರಳಿನ ಚೀಟಿ ಎತ್ತಿ ತೋರಿಸಿದೆ. ನನ್ನ ಹಿಂದೆ ಎಲ್ಲರೂ ಎತ್ತಿ ಹಿಡಿದರು. ಈಗ ನೆನೆದರೆ ನಾಚಿಕೆಯಿಂದ ಮೈ ಉರಿಯುತ್ತದೆ.

"ಅಯ್ಯೋ, ಅದು ಡ್ರಿಲ್ಲಿಗೆ ಕೊಟ್ಟಿದ್ದು ಕಣಮ್ಮಾ. ನಿಜ ಅಂದ್ಕೊಂಡ್ರಾ?"

"ಬಾಗಿಲಿಗಿ ಬೀಗ ಹಾಕಬಾರ್ದು ಅಂತ ಬರದೈತ್ರಿ."

"ಅಷ್ಟು ಓದ್ತೀಯ, ಇದನ್ನೂ ತಿಳ್ಕೋ. ವಾಹನ ಇರೋ ಜಾಗದಲ್ಲಿ ಜನಾನ ಇಡಬಾರ್ದು. ಪೆಟ್ರೋಲ್ ಇರತ್ತೆ, ಬೆಂಕಿ ಹತ್ತಿದ್ರೆ ಯಾರು ಜವಾಬ್ದಾರಿ? ನಿಮ್ಮ ಸೇಫ್ಟಿಗೇ ಹೇಳ್ತಿರೋದು. ರೂಲ್ ಅಂದ್ರೆ ರೂಲ್."

"ಮುದುಕಿಗಿ ಉಸರು ಹಿಡದೈತ್ರಿ. ಆಕಿ ಒಬ್ಬಾಕಿನರ ನಿಮ್ಮ ಮನ್ಯಾಗ..."

"ನಮ್ಮನೇಲಿ ಪುಟ್ಟ ಮಗು ಇದೆಯಮ್ಮಾ. ಇವ್ರಿಗೇನು ಕೆಮ್ಮೋ, ಟಿಬಿಯೋ. ಆಫೀಸರ್‌ಗೆ ಫೋನ್ ಮಾಡಿ." ಬಾಲ್ಕನಿಯ ಬಾಗಿಲು ಮುಚ್ಚಿಕೊಂಡಿತು. ಮೇಲೆ ಅಲ್ಲಲ್ಲಿ ಇಣುಕಿದ್ದ ಮುಖಗಳೂ ಒಳಗೆ ಹೋದವು.

ಚೀಟಿಯ ಹಿಂದೆ ಉಪೇಂದ್ರನ ನಂಬರ್ ಇತ್ತು. ಎಂಟು ಸಲ ಹಚ್ಚಿದ ಮೇಲೆ ಎತ್ತಿದ.

"ಡ್ರಿಲ್ ಬೇರೆ, ಇದು ಬೇರೆ ಕಣಮ್ಮಾ. ನಿಮ್ಮ ಶೆಡ್ಡು ಲಿಸ್ಟಲ್ಲಿ ಇಲ್ಲ. ಆ ಜಾಗಾನ ಮುಳುಗಡೆ ಅಂತ ಇನ್ನೂ ಘೋಷಣೆ ಮಾಡಿಲ್ಲ."

"ನಾ ಸೊಂಟದ ಮಟ ನೀರಾಗ ನಡದ ಬಂದೀನ್ರಿ ಸಾಹೇಬರ!"

"ಕಾಲುವೇಲಿ ಮನೆ ಮಾಡ್ಕೊಂಡ್ರೆ ನೀರು ಬರ್ದೆ ಇನ್ನೇನ್ ಬರತ್ತೆ? ಅದು ನೀರಿನ ಜಾಗ. ಮಾರತ್ತಹಳ್ಳಿ ಹತ್ರ ಒಂದು ಸ್ಕೂಲಲ್ಲಿ ಕೇಂದ್ರ ತೆಗ್ದಿದೀವಿ, ಅಲ್ಲಿಗೆ ಹೋಗಿ."

"ಹೆಂಗ ಹೋಗೂದ್ರಿ? ಈಜಿ ಹೋಗೂದೇನು?"

ಫೋನು ಕಟ್ಟಾಯಿತು.

ಮುದಕಪ್ಪ ರ್ಯಾಂಪಿನ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದ. "ಭಾಡಕೋ ಸೂಳೆಮಕ್ಳು" ಎಂದು ಮೊದಲು ಅವರನ್ನು ಬೈದ. ಆಮೇಲೆ ನನ್ನ ಕಡೆ ತಿರುಗಿದ. "ಓದಿದಾಕಿ ಮಾತು ಕೇಳಿ ಬಂದ್ವಿ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಮಾಡಿದಿ ನೋಡವಾ ನಮ್ಮನ್ನ." ಸತ್ಯವತಿ ಮೇಡಂ ಬಾಗಿಲು ಮುಚ್ಚಿದ್ದಕ್ಕಿಂತ ಅವನ ಮಾತು ಹೆಚ್ಚು ಚುಚ್ಚಿತು. ಕರೆದುಕೊಂಡು ಬಂದವಳು ನಾನಲ್ಲವೇ? ಬೋರ್ಡು ಬರೆಸಿದವರು ನನ್ನ ಅಕ್ಷರಕ್ಕೇ ಮೋಸ ಮಾಡಿದ್ದರು.

ರ್ಯಾಂಪಿನ ಮೇಲೆ ಸೂರಿರಲಿಲ್ಲ. ಹತ್ತು ಗಂಟೆಯಾಯಿತು. ಮಳೆ ಒಂದೇ ಸಮ. ಹೆಂಗಸರು ಸುತ್ತ ನಿಂತು ಅತ್ತೆಗೆ ಸೆರಗು ಹಿಡಿದರು. ಅವಳ ತುಟಿ ನೀಲಿಗಟ್ಟಿತ್ತು. ಉಸಿರೆಳೆದಾಗ ಕೊರಳಿನ ಗುಳಿ ಒಳಗೆ ಹೋಗುತ್ತಿತ್ತು. ನಾನು ಅವಳ ಅಂಗಾಲು ತಿಕ್ಕುತ್ತಾ ಅಳುತ್ತಿದ್ದೆ.

"ಯಾಕ ಅಳ್ತಿ?" ಎಂದಳು ತಡೆತಡೆದು. "ನೀ ಓದಿದ್ದು... ಖರೇನ ಐತೆಲ್ಲ?"

"ಖರೇ ಐತ್ಯವ್ವಾ."

"ಇನ್ನೊಮ್ಮಿ ಓದು. ಕೇಳಲಿ ಅವರು."

ನಾನು ಎದ್ದು ಬೋರ್ಡಿನ ಮುಂದೆ ನಿಂತೆ. ಹೊಟ್ಟೆಯಿಂದ ದನಿ ತೆಗೆದು ಓದಿದೆ. ಒಂದು, ಬೀಗ ಹಾಕಬಾರದು. ಎರಡು, ಯಾರನ್ನೂ ಹಿಂದಕ್ಕೆ ಕಳಿಸಬಾರದು. ಮೂರು, ವೃದ್ಧರು, ರೋಗಿಗಳು ಮೊದಲು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ. ಹದಿನಾಲ್ಕು ಮಹಡಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ. ನಾಲ್ಕನೇ ಸಲಕ್ಕೆ ಹನುಮೇಶ ಬಂದು ನನ್ನನ್ನು ಪಕ್ಕಕ್ಕೆ ಸರಿಸಿದ. ಅವನದು ಮಾತು ಕಡಿಮೆ. ಚೀಲದಿಂದ ಸುತ್ತಿಗೆ ತೆಗೆದಿದ್ದ.

"ಬ್ಯಾಡೋ, ಕೇಸ್ ಹಾಕ್ತಾರ" ಎಂದು ಯಾರೋ ಹಿಂದಿನಿಂದ ಅಂದರು.

"ಹಾಕಲಿ. ಜೇಲಿಗಿ ಸೂರು ಇರ್ತೈತಿ" ಎಂದ ಅವನು.

ಮೂರು ಏಟಿಗೆ ಬೀಗ ಬಿಚ್ಚಿಕೊಂಡಿತು. ಹನುಮಂತಯ್ಯ ಗೇಟಿನಿಂದ ನೋಡಿದ, ನೋಡಿ ತನ್ನ ಗೂಡಿನೊಳಗೆ ಹೋಗಿ ಕೂತ. ಬಾಗಿಲು ತಳ್ಳಿದೆವು. ಕಾರುಗಳನ್ನು ಎಷ್ಟು ಒತ್ತೊತ್ತಾಗಿ ನಿಲ್ಲಿಸಿದ್ದರೆಂದರೆ ಅಡ್ಡ ತಿರುಗಿ ನುಸುಳಬೇಕಿತ್ತು. ಅತ್ತೆಯನ್ನು ಮಲಗಿಸಲು ಮಾರುದ್ದ ಜಾಗ ಇಲ್ಲ. ಬಾಗಿಲಿಗೆ ಹತ್ತಿರ ನಿಂತಿದ್ದುದು ಕವರು ಹೊದ್ದ ಕಾರು. ಕವರು ಎಳೆದು ಅತ್ತೆಗೆ ಸುತ್ತಿದೆ.

"ವಾಹನ ಇದ್ದಲ್ಲಿ ಮಂದಿ ಇರಬಾರದಂತ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ರೂಲ್ ಅಂದ್ರ ರೂಲ್. ಕೈ ಹಚ್ರಿ."

ಎಲ್ಲರಿಗಿಂತ ಮೊದಲು ಎದ್ದು ಬಂದವನು ಮುದಕಪ್ಪ. ಹದಿನಾರು ಜನ ಸುತ್ತಲೂ ನಿಂತು ಬಂಪರಿನ ಕೆಳಗೆ ಕೈಹಾಕಿದರು. ಕಬ್ಬಿಣ ಎತ್ತುವಾಗ ಕೂಗುವ ಹಾಗೆ ಮುದಕಪ್ಪ, "ಐಸಾ!" ಎಂದ. ಕಾರು ಗೇಣುದ್ದ ಎದ್ದು ಆಚೆ ಕೂತಿತು, ಕೂತ ಕೂಡಲೇ ಕಿರುಚತೊಡಗಿತು. ದೀಪಗಳು ಮಿಣಕ್ ಮಿಣಕ್. ನೂಕುನುಗ್ಗಲಿಗೆ ಪಕ್ಕದ್ದೂ ಕಿರುಚಿತು, ಅದರ ಪಕ್ಕದ್ದೂ.

ಮೇಲೆ ಕಿಟಕಿಗಳು ತೆರೆದವು. ಪಟಪಟನೆ ತೆರೆದವು, ಎಲ್ಲ ಮಹಡಿಯಲ್ಲೂ. ಎರಡು ತಾಸಿನಿಂದ ನಾವು ಕೂಗಿದ್ದು ಕೇಳದವರಿಗೆ ಕಾರು ಕೂಗಿದ್ದು ಕೇಳಿಸಿತ್ತು. ಗಂಡಸರು ಚಡ್ಡಿಯಲ್ಲೇ ಮೆಟ್ಟಿಲು ಇಳಿದು ಓಡಿ ಬಂದು, ನಮ್ಮ ಮಂದಿಯನ್ನು ಕಂಡು ಮೆಟ್ಟಿಲ ಬುಡದಲ್ಲೇ ನಿಂತರು.

"ಕಾರು! ಏಯ್, ನನ್ನ ಕಾರು! ಪೊಲೀಸ್ ಕರೀರೀ!" ಬಾಲ್ಕನಿಯಲ್ಲಿ ಸತ್ಯವತಿ ಮೇಡಂ ಎದೆ ಬಡಿದುಕೊಳ್ಳುತ್ತಿದ್ದರು.

"ಕರೀರಿ ಮೇಡಮ್ಮರ" ಎಂದು ನಾನೂ ಕೂಗಿದೆ. "ಬಾಗಲಾ ತೆರದೈತಿ. ಯಾರನ್ನೂ ಹಿಂದಕ್ಕ ಕಳಸಂಗಿಲ್ಲ ನಾವು."

ಐಸಾ, ಐಸಾ. ಬಾಗಿಲು ದಾಟಿ ರ್ಯಾಂಪಿನ ತುದಿಗೆ ಬಂದ ಕಾರನ್ನು ಹನುಮೇಶ ಭುಜ ಕೊಟ್ಟು ನೂಕಿದ. ಅದು ಕಿರುಚುತ್ತಲೇ ಇಳಿಜಾರಿನಲ್ಲಿ ಜಾರಿ ನೀರಿಗೆ ಇಳಿಯಿತು. ಸ್ವಲ್ಪ ಹೊತ್ತು ನೀರೊಳಗಿಂದಲೂ ದೀಪ ಮಿಣುಕಿತು. ಅದು ನಿಂತಿದ್ದ ಜಾಗದಲ್ಲಿ ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಬದುಕುತ್ತಾಳೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಜನ ಮಳೆಯಲ್ಲಿ ನಿಂತಿದ್ದರು. ನಾವು ಎರಡನೆಯ ಕಾರಿಗೆ ಕೈ ಹಚ್ಚಿದೆವು.