ಒಡೆದ ಸ್ವರ

ಮತ್ತೆ ಅದೇ, ನಾಲ್ಕನೆಯ ಎಣಿಕೆಗೆ ಸರಿಯಾಗಿ ಸ್ಪೀಕರಿನಲ್ಲಿ ಕ್ಲೀಟಸ್‌ನ ಟ್ರಂಪೆಟ್ ಏರುತ್ತದೆ, ಏರಿ ತುದಿಯಲ್ಲಿ ಒಡೆಯುತ್ತದೆ, ಹಸಿ ಕಟ್ಟಿಗೆ ಸೀಳಿದ ಹಾಗೆ, ಕೆಳಗೆ ಡ್ರಮ್ಮು ಧಡ್ ಧಡ್, ಮತ್ತೆ ಮೊದಲಿಂದ — ತಪ್ಪು ಸ್ವರ, ಅಪ್ಪಟ ತಪ್ಪು, ಹಾರ್ಲೆಮಿನ ಹಿರಿಯರ ಜಾಜ್ ಕೂಟವಾಗಿದ್ದರೆ ವೇದಿಕೆಯಿಂದ ಇಳಿಸಿ ಕಳಿಸುತ್ತಿದ್ದರು, ಇಲ್ಲಿ ಬ್ರೂಕ್ಲಿನ್ನಿನ ಈ ನೆಲಮಾಳಿಗೆಯಲ್ಲಿ ತಾರಿಕ್ ಅದನ್ನೇ ಕತ್ತರಿಸಿ, ಯಂತ್ರಕ್ಕೆ ತುಂಬಿ, ಗಾಣದೆತ್ತಿನ ಹಾಗೆ ಸುತ್ತಿಸಿ, ಮೇಲೆ ತನ್ನ ರ್‍ಯಾಪು ಸುರಿದಿದ್ದಾನೆ, ಈ ಬೇಸಿಗೆಯಲ್ಲಿ ಫುಲ್ಟನ್ ಬೀದಿಯ ಕಾರುಗಳಿಂದೆಲ್ಲ ಅದೇ ಆಲ್ಬಮ್, ಕ್ಷೌರದಂಗಡಿಯಲ್ಲೂ ಅದೇ, ಏನಪ್ಪಾ ಒಡೆದ ಸ್ವರ, ಆರಾಮಾ, ಅಂತ ಕ್ಲೀಟಸ್‌ನನ್ನು ಕರೆದು ಮಾತಾಡಿಸುತ್ತಿದ್ದರು, ಅವನಿಗೆ ಟ್ರಂಪೆಟ್ಟಿಗೆ ತುಟಿ ಹಿಡಿಯುವುದು ಕಲಿಸಿದ್ದು ಯಾರು, ಓಡೆಲ್ ತನ್ನ ಟ್ರಂಪೆಟ್ಟಿನ ಉಗುಳು ನೆಲಕ್ಕೆ ಚೆಲ್ಲುತ್ತಾನೆ, ತಾನಲ್ಲದೆ ಇನ್ಯಾರು. ಈ ಆಲ್ಬಮ್ಮಿಗೆ ತಾರಿಕ್ ಮೊದಲು ಕರೆದದ್ದೂ ಓಡೆಲ್‌ನನ್ನೇ. ಯಂತ್ರದ ಬಾಯಿಗೆ ಊದೋನಲ್ಲ ನಾನು, ಬೇಕಾದ್ರೆ ಆ ಕ್ಲೀಟಸ್‌ನ ಕರ್ಕೊಂಡು ಹೋಗ್ಲಿ, ಅಂದವನು ತಾನೇ, ಮೀನು ಕರಿಯುತ್ತಿದ್ದ ಹೆಂಡತಿ ವರ್ನಿಟಾ ತಿರುಗಿಯೂ ನೋಡದೆ, ಹಾಡೋಕೆ ನಾನಂತೂ ಹೋಗ್ತೀನಿ, ನೀನು ನಿನ್ನ ಜಂಬ ತಿನ್ಕೊಂಡು ಕೂತಿರು, ಅಂದಿದ್ದಳು, ಜನವರಿ ಅದು, ರೆಕಾರ್ಡಿಂಗಿನ ದಿನ ಇಲ್ಲಿ ಹೀಟರು ಕೆಟ್ಟಿತ್ತಂತೆ, ಚಳಿಗೆ ಕ್ಲೀಟಸ್‌ನ ಕೆಳತುಟಿ ಬಿರಿದಿತ್ತಂತೆ, ವರ್ನಿಟಾ ಚೀಲದಿಂದ ವ್ಯಾಸಲೀನ್ ತೆಗೆದು ಬೆರಳಲ್ಲಿ — ಬೆರಳಲ್ಲಿ — ಪಾಪ, ರಕ್ತ ಬರ್ತಿತ್ತು, ಹಚ್ಚಿದೆ, ಅಂತ ಅವಳೇ ಬಂದು ಹೇಳಿದ್ದು, ಸೊಪ್ಪು ಸೋಸುತ್ತಾ, ಏನೂ ಅಲ್ಲವೆಂಬಂತೆ. ತುಟಿಗೆ ಜಿಡ್ಡು ತಾಗಿದರೆ ಟ್ರಂಪೆಟ್ಟಿನ ಹಿತ್ತಾಳೆ ಬಾಯಿ ಜಾರುತ್ತದೆ, ಅದಕ್ಕೇ ಒಡೆಯಿತು ಸ್ವರ, ಊದುವವನಿಗೆ ಗೊತ್ತಾಗದೆ ಇರುತ್ತದೆಯೇ, ಊರೆಲ್ಲ ತಲೆದೂಗುತ್ತಿರುವುದು ಕ್ಲೀಟಸ್‌ಗಲ್ಲ, ಅವನ ತುಟಿಯ ಮೇಲಿನ ಅವಳ ಬೆರಳಿಗೆ.

ಅಣ್ಣಾ, ಇನ್ನೊಂದ್ಸಲ, ಅನ್ನುತ್ತಾನೆ ತಾರಿಕ್, ಶನಿವಾರ ಪಾರ್ಕಿನಲ್ಲಿ ಕಾರ್ಯಕ್ರಮ, ಕ್ಲೀಟಸ್ ದೊಡ್ಡ ಮನುಷ್ಯನಾಗಿ ಯುರೋಪಿಗೆ ಹಾರಿದ್ದಾನೆ, ಆದ್ದರಿಂದ ಓಡೆಲ್ ಬೇಕಾಗಿದ್ದಾನೆ, ಬಂದಿದ್ದಾನೆ ನಾಚಿಕೆ ಬಿಟ್ಟು, ಒಂದು ದಿನವಾದರೂ ಈ ಬೀದಿ ತನ್ನ ತುತ್ತೂರಿ ಕೇಳಲಿ ಅಂತ. ಊದಿದ. ಸ್ವರ ತುದಿಗೇರಿ ನಿಂತಿತು, ಗಾಜಿನ ಹಾಗೆ. ಚೆನ್ನಾಗಿದೆ ಅಣ್ಣಾ, ತುಂಬಾ ಚೆನ್ನಾಗಿದೆ, ಅದೇ ತೊಂದರೆ, ಸ್ವಲ್ಪ ಕೆಡಿಸು. ಕೆಡಿಸಿದ, ನಾಟಕದ ಕೆಮ್ಮಿನ ಹಾಗೆ ಕೇಳಿಸಿತು, ಮೈಕಿನ ಮುಂದಿದ್ದ ವರ್ನಿಟಾ ನಕ್ಕಳು, ಜೀವಮಾನವೆಲ್ಲ ತಪ್ಪದೆ ಊದೋದು ಕಲ್ತು ಈಗ ತಪ್ಪೋಕೇ ಬರಲ್ಲ ನೋಡು ಈ ಮಹಾರಾಯನಿಗೆ, ಅಂದಳು. ಬಿಡಣ್ಣ, ಆ ಜಾಗಕ್ಕೆ ನಾನು ಯಂತ್ರದ ಗುಂಡಿ ಒತ್ತಿಬಿಡ್ತೀನಿ, ನೀನು ಮಿಕ್ಕಿದ್ದು ಊದು, ಅಂದ ತಾರಿಕ್. ಮಿಕ್ಕಿದ್ದು. ಸಾವಿರ ಜನರ ಮುಂದೆ ತಾನು ಟ್ರಂಪೆಟ್ ಕೆಳಗಿಳಿಸಿ ನಿಲ್ಲಬೇಕು, ಕ್ಲೀಟಸ್ ಒಡೆಯಬೇಕು, ಜನ ಹೋ ಅನ್ನಬೇಕು, ಬೇಡ, ಅಂದ ಓಡೆಲ್, ವರ್ನಿಟಾ, ಚೀಲದಲ್ಲಿ ವ್ಯಾಸಲೀನ್ ಇದ್ಯಾ. ಅವಳ ನಗು ನಿಂತಿತು, ಚೀಲದಿಂದ ಡಬ್ಬಿ ತೆಗೆದಳು, ಅವನು ತುಟಿ ಮುಂದೆ ಮಾಡಿ ಕಾದ, ಸಣ್ಣ ಮಗುವಿನ ಹಾಗೆ, ನಿನಗೇನು ಕೈಯಿಲ್ವಾ, ಅಂದಳು, ಎಸೆದಳು, ಹಿಡಿದ, ಮುಚ್ಚಳ ತಿರುಗಿಸಿದ, ಡ್ರಮ್ಮು ಬಿಡ್ಲಾ ಅಣ್ಣಾ, ಎಣಿಸಲಾ, ತಾರಿಕ್ ಕೇಳುತ್ತಿದ್ದಾನೆ, ಡಬ್ಬಿಯೊಳಗೆ ಬಾಚಿ ತೆಗೆದ ಒಂದು ಗುಳಿ, ನುಣ್ಣಗೆ, ಅವಳ ಬೆರಳಿನಷ್ಟೇ ಅಗಲ, ಒಂದು, ಎರಡು, ಬೆರಳಿನ ಗುಳಿ, ಮೂರು, ಬೆರಳು —